ಕೊನೆಯ ಎರಡಕ್ಷರ ಪಕ್ಕದವರಿಗೆ

ಎಲ್ಲರೂ ಒಮ್ಮೆ ಬಲಗೈ ಬಿಚ್ಚಿ. ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲಿಡಿ. ಈಗ ‘ಬೆಂಗಳೂರು’ ಅನ್ನಿ, ಅಕ್ಷರಕ್ಕೊಂದು ಗೆಣ್ಣು. ಬೆಂ, ಗ, ಳೂ, ರು. ನಾಲ್ಕು, ಅಲ್ವಾ? ಈಗ ‘ಬಸವನಗುಡಿ’ ಅನ್ನಿ. ಆರು. ‘ಕೆಂಪೇಗೌಡ ಬಸ್ ನಿಲ್ದಾಣ’. ಎಂಟು. ಅಕ್ಷರ ಎಣಿಸಿ ಐದು ಸಾಲಿನ ಕವಿತೆ ಕಟ್ಟಿ ಪಕ್ಕದವರಿಗೆ ದಾಟಿಸುವುದು ಇವತ್ತಿನ ಆಟ. ಇಷ್ಟು ಬಂದರೆ ಅದರ ಅರ್ಧ ಬಂದ ಹಾಗೆ.

ನಾನು ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತಿದ್ದವನು. ನೋಟು ಎಣಿಸಿ ಎಣಿಸಿ ಬೆರಳಿಗೆ ಸುಮ್ಮನಿರುವುದು ಮರೆತೇ ಹೋಗಿದೆ. ನಿವೃತ್ತಿ ಆದಮೇಲೆ ಎಣಿಸಲು ನೋಟಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬೋರ್ಡುಗಳ ಅಕ್ಷರ ಎಣಿಸುವ ಚಟ ಹತ್ತಿತು. ಹಾಗೆ ಎಣಿಸುತ್ತಾ ಒಂದು ದಿನ ಇದು ಸಿಕ್ಕಿತು:

ಕೋಟೆ
ಮಲ್ಲೇಶ್ವರ
ರಾಜಾಜಿನಗರ
ಕೆಂಪೇಗೌಡ ಬಸ್ ನಿಲ್ದಾಣ
ಪೇಟೆ

ಇದರಲ್ಲಿ ನಾನು ಬರೆದದ್ದು ಏನೂ ಇಲ್ಲ, ಎಲ್ಲ ಊರಿನದ್ದೇ. ಹಳೆಯ ಬೆಂಗಳೂರು ಎಂದರೆ ಒಂದು ಕೋಟೆ, ಒಂದು ಪೇಟೆ. ಆ ಎರಡರ ನಡುವೆ ಆಮೇಲೆ ಬಂದದ್ದನ್ನೆಲ್ಲ ತುರುಕಿದ ಹಾಗಾಯಿತು. ನಕ್ಷೆ ಗೊತ್ತಿರುವವರು ‘ಆ ದಾರಿಯಲ್ಲಿ ಯಾವ ಬಸ್ಸೂ ಹೋಗುವುದಿಲ್ಲ ಮಾರಾಯ’ ಅನ್ನುತ್ತಾರೆ. ಹೋಗದಿದ್ದರೆ ಬೇಡ. ಎಣಿಸಿ ನೋಡಿ: ಎರಡು, ನಾಲ್ಕು, ಆರು, ಎಂಟು, ಮತ್ತೆ ಎರಡು. ಒಟ್ಟು 22 ಅಕ್ಷರ. ಈ ಅಳತೆಯ ಕವಿತೆಗೆ ಇಂಗ್ಲಿಷಿನಲ್ಲಿ ಸಿಂಕೇನ್ ಎನ್ನುತ್ತಾರೆ. ಫ್ರೆಂಚಿನಲ್ಲಿ ಐದಕ್ಕೆ ಸ್ಯಾಂಕ್, ಅಲ್ಲಿಂದ ಬಂದ ಹೆಸರು. ನಮ್ಮ ಗುಂಪಿನಲ್ಲಿ ಇದು ‘ಐಸಾಲು’. ಐನೂರು, ಐಮಡಿ ಇದ್ದ ಹಾಗೆ ಐಸಾಲು. ಮೊದಲ ಸಲ ಕೇಳಿದವರು ಐಸ್‌ಕ್ರೀಮ್ ಇದೆಯೇನೋ ಅಂತ ಬರುತ್ತಾರೆ. ಅದೂ ಒಳ್ಳೆಯದೇ.

ಈ ಅಳತೆಯನ್ನು ಕಟ್ಟಿದವರು ಅಡಿಲೇಡ್ ಕ್ರಾಪ್ಸಿ ಎಂಬ ಅಮೆರಿಕದ ಹೆಣ್ಣುಮಗಳು. 1878ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಛಂದಸ್ಸು ಅವರ ಹುಚ್ಚು. ಸ್ಮಿತ್ ಕಾಲೇಜಿನಲ್ಲಿ ಕಾವ್ಯದ ಪಾಠ ಹೇಳುತ್ತಿದ್ದರು. ಕ್ಷಯ ಹಿಡಿಯಿತು. ಸರನಾಕ್ ಲೇಕ್ ಎಂಬ ಊರಿನ ಆರೈಕೆ ಮನೆಯಲ್ಲಿ ಅವರನ್ನು ಇರಿಸಿದರು. ಆ ಕೋಣೆಯ ಕಿಟಕಿಯ ಕೆಳಗೇ ಸ್ಮಶಾನ. 1914ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಕವಿತೆಗಳು ಪುಸ್ತಕವಾಗಿ ಬಂದದ್ದು ಮರುವರ್ಷ, 1915ರಲ್ಲಿ. ಜಪಾನಿನ ಹಾಯ್ಕು, ತಂಕಾ ಎಂಬ ಪುಟ್ಟ ಕವಿತೆಗಳನ್ನು ಅನುವಾದದಲ್ಲಿ ಓದಿಕೊಂಡು, ಇಂಗ್ಲಿಷಿಗೂ ಅಷ್ಟು ಚಿಕ್ಕದೊಂದು ಪಾತ್ರೆ ಬೇಕು ಎಂದು ಕಟ್ಟಿಕೊಂಡ ಅಳತೆ ಇದು. ಸಾಲು ಸಾಲಿಗೆ ಎರಡೆರಡು ಅಕ್ಷರ ಏರುತ್ತದೆ, ಎಂಟಕ್ಕೆ ಮುಟ್ಟಿದ ಕೂಡಲೇ ಧೊಪ್ಪನೆ ಎರಡಕ್ಕೆ ಬೀಳುತ್ತದೆ. ಆ ಬೀಳುವ ಜಾಗದಲ್ಲೇ ಅದರ ಜೀವ ಇರುವುದು. ಮೆಟ್ಟಿಲು ಹತ್ತುತ್ತಾ ಹೋಗಿ, ಕೊನೆಗೆ ಇನ್ನೊಂದು ಮೆಟ್ಟಿಲು ಇದೆ ಅಂತ ಕಾಲಿಟ್ಟರೆ ಇರುವುದಿಲ್ಲವಲ್ಲ, ಹಾಗೆ.

ಅವರು ಇದನ್ನು ಆಟಕ್ಕೆ ಅಂತ ಕಟ್ಟಿದವರಲ್ಲ. ಅವರ ಕವಿತೆಗಳಲ್ಲಿ ಸಾವು ಪಕ್ಕದಲ್ಲೇ ಕೂತಿರುತ್ತದೆ. ಆಟ ಮಾಡಿಕೊಂಡವರು ಆಮೇಲಿನವರು. ಆ ಮಾತನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ನಗಬಹುದು.

ಇದನ್ನು ಕನ್ನಡಕ್ಕೆ ತಂದ ಕೂಡಲೇ ಮೊದಲು ಎದ್ದದ್ದು ಜಗಳ. ನಮ್ಮ ಗುಂಪಿನಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಮೊದಲ ಭಾನುವಾರವೇ ಕೇಳಿದರು: ‘ಎಣಿಸುವುದು ಅಕ್ಷರವನ್ನೋ, ಮಾತ್ರೆಯನ್ನೋ?’ ನಾವು ಮುಖ ಮುಖ ನೋಡಿಕೊಂಡೆವು. ಅವರ ಪ್ರಶ್ನೆ ಸರಿಯಾದದ್ದೇ. ಕ್ರಾಪ್ಸಿ ಬರೀ ಅಕ್ಷರ ಎಣಿಸಲಿಲ್ಲ, ಇಂಗ್ಲಿಷಿನಲ್ಲಿ ದನಿ ಒತ್ತಿ ಹೇಳುವ ಜಾಗಗಳನ್ನೂ ಸಾಲು ಸಾಲಿಗೆ ಎಣಿಸಿದರು: ಒಂದು, ಎರಡು, ಮೂರು, ನಾಲ್ಕು, ಒಂದು ಅಂತ. ನಮ್ಮಲ್ಲಿ ಆ ಥರದ ಒತ್ತಿಲ್ಲ, ಲಘು ಗುರು ಇದೆ. ಗಿಡ್ಡ ಅಕ್ಷರ ಲಘು, ಒಂದು ಮಾತ್ರೆ; ದೀರ್ಘವಾದದ್ದು, ಇಲ್ಲವೇ ಮುಂದೆ ಒತ್ತಕ್ಷರ ಇರುವಂಥದ್ದು ಗುರು, ಎರಡು ಮಾತ್ರೆ. ಕಂದಪದ್ಯ ನೋಡಿ, ನಾಲ್ಕು ಮಾತ್ರೆಯ ಗಣ ಮೊದಲ ಸಾಲಿಗೆ ಮೂರು, ಎರಡನೆಯದಕ್ಕೆ ಐದು. ಅಲ್ಲಿ ಅಕ್ಷರ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಜಪಾನಿಯರೂ ನಿಜವಾಗಿ ಎಣಿಸುವುದು ನಮ್ಮ ಮಾತ್ರೆಯಂಥದ್ದನ್ನೇ. ಅವರ ಬಾಯಲ್ಲಿ ‘ಟೋಕ್ಯೋ’ ನಾಲ್ಕು ಎಣಿಕೆ, ಯಾಕೆಂದರೆ ಎರಡೂ ದೀರ್ಘ. ನಮ್ಮ ಲೆಕ್ಕದಲ್ಲೂ ಎರಡು ಗುರು, ನಾಲ್ಕು ಮಾತ್ರೆ. ಎಲ್ಲಿಯ ಟೋಕ್ಯೋ, ಎಲ್ಲಿಯ ಬಸವನಗುಡಿ. ಮೇಷ್ಟ್ರು ಖುಷಿಯಾಗಿ ಮೀಸೆ ಸವರಿಕೊಂಡರು.

ಆದರೂ ಸೋತದ್ದು ಅವರೇ. ಮಾತ್ರೆ ಲೆಕ್ಕ ಹಿಡಿದರೆ ಎರಡು ಮಾತ್ರೆಯ ಸಾಲಿನಲ್ಲಿ ‘ಮಳೆ’ ಕೂರುತ್ತದೆ, ‘ನಾಯಿ’ ಕೂರುವುದಿಲ್ಲ. ಮೂರು ಮಾತ್ರೆ ಆಗಿಬಿಡುತ್ತದೆ. ಹಣ್ಣು, ಸಾಲ, ಹೂವು, ದೋಸೆ ಎಲ್ಲ ಆಚೆ. ದೋಸೆಗೆ ಜಾಗವಿಲ್ಲದ ಆಟವನ್ನು ಬೆಂಗಳೂರಿನಲ್ಲಿ ಯಾರು ಆಡುತ್ತಾರೆ? ಹಾಗಾಗಿ ಅಕ್ಷರ ಅಂತ ತೀರ್ಮಾನ ಆಯಿತು. ಒತ್ತಕ್ಷರ ಎಷ್ಟಿದ್ದರೂ ಒಂದೇ, ಸೊನ್ನೆಗೆ ಬೇರೆ ಲೆಕ್ಕವಿಲ್ಲ, ಅರ್ಧಾಕ್ಷರ ಹಿಂದಿನದರ ತೊಡೆ ಮೇಲೆ ಕೂರುತ್ತದೆ. ಅಂದರೆ ‘ಬಸ್’ ಒಂದು, ‘ಬಸ್ಸು’ ಎರಡು. ಕಂಡಕ್ಟರ್ ತೊಡೆ ಮೇಲಿನ ಮಗುವಿಗೆ ಟಿಕೆಟ್ ಹರಿಯುತ್ತಾನಾ? ಅದೇ ನಿಯಮ. ಮೇಷ್ಟ್ರು ಮಾತ್ರ ಇವತ್ತಿಗೂ ಬಾಯಲ್ಲಿ ಅಕ್ಷರ ಎಣಿಸಿ, ಮೇಜಿನ ಕೆಳಗೆ ಬೆರಳಲ್ಲಿ ಮಾತ್ರೆ ಎಣಿಸುತ್ತಾರೆ. ನಾನು ನೋಡಿದ್ದೇನೆ.

ಶಾಲೆಗಳಲ್ಲಿ ಇದರದ್ದೇ ಇನ್ನೊಂದು ರೂಪ ಆಡಿಸುತ್ತಾರೆ, ಅಕ್ಷರದ ಬದಲು ಪದ ಎಣಿಸುವುದು. ಮೊದಲು ಒಂದು ನಾಮಪದ, ಆಮೇಲೆ ಎರಡು ಗುಣ, ಮೂರು ಕ್ರಿಯೆ, ನಾಲ್ಕು ಪದದ ಒಂದು ಮಾತು, ಕೊನೆಗೆ ಮೊದಲಿನದಕ್ಕೆ ಇನ್ನೊಂದು ಹೆಸರು. ನಮ್ಮ ಬೀದಿಯ ಆರನೇ ಕ್ಲಾಸಿನ ಹುಡುಗ ಹೇಳಿದ್ದು:

ಇಡ್ಲಿ
ಬಿಳಿ ಬಿಸಿ
ಉಬ್ಬುತ್ತೆ ಮುಳುಗುತ್ತೆ ಕರಗುತ್ತೆ
ಭಾನುವಾರ ಮಾತ್ರ ನಮ್ಮನೇಲಿ ಸಿಗುತ್ತೆ
ಹಬ್ಬ

ಚೆನ್ನಾಗಿದೆ. ಆದರೆ ದೊಡ್ಡವರು ಇದನ್ನು ಆಡಬಾರದು, ಮೋಸಕ್ಕೆ ದಾರಿ ಜಾಸ್ತಿ. ಕನ್ನಡದ ಪದ ಎಂದರೆ ಗೋಣಿಚೀಲ, ತುಂಬಿದಷ್ಟೂ ಹಿಡಿಯುತ್ತದೆ. ‘ಮನೆಯಲ್ಲಿದ್ದವನಿಗೆ’ ಒಂದೇ ಪದ. ಅಕ್ಷರ ಎಣಿಸಿ, ಎಂಟು. ನಮ್ಮ ಆಟದಲ್ಲಿ ಅದೊಂದೇ ನಾಲ್ಕನೇ ಸಾಲನ್ನು ಪೂರ್ತಿ ತಿಂದುಹಾಕುತ್ತದೆ. ಹಾಗಾಗಿ ವಿಭಕ್ತಿ ಹಚ್ಚುವಾಗಲೂ ನೋಟು ಎಣಿಸಿದ ಹಾಗೆ ಕೈ ಬಿಗಿ ಹಿಡಿಯಬೇಕು. ‘ಅಲ್ಲಿ’ ಹಚ್ಚಿದರೆ ಎರಡು ಅಕ್ಷರ ಖರ್ಚು. ಕೆಲವು ಸಲ ಆ ‘ಅಲ್ಲಿ’ ಇಲ್ಲದೆಯೂ ಅರ್ಥ ಆಗುತ್ತದೆ ಅಂತ ಆಗ ತಿಳಿಯುತ್ತದೆ.

ಈಗ ಕೊಂಡಿಯ ವಿಷಯಕ್ಕೆ ಬರೋಣ. ಒಬ್ಬರು ಒಂದು ಐಸಾಲು ಬರೆಯುತ್ತಾರೆ. ಅದರ ಕೊನೆಯ ಎರಡಕ್ಷರ ಪಕ್ಕದವರ ಮೊದಲ ಸಾಲು. ಹೀಗೆ ಐದು ಜನ, ಐದು ಕವಿತೆ. ಐದು ಸಿಂಕೇನ್‌ಗಳ ಸಾಲನ್ನು ಇಂಗ್ಲಿಷಿನಲ್ಲಿ ಕಿರೀಟ ಎನ್ನುತ್ತಾರೆ. ನಮ್ಮದು ಬಳೆ, ಐದನೆಯವರು ತಿರುಗಿ ಮೊದಲನೆಯವರ ಮೊದಲ ಪದಕ್ಕೇ ತಂದು ಮುಟ್ಟಿಸಬೇಕು. ಒಬ್ಬೊಬ್ಬರಿಗೆ ಮೂರು ನಿಮಿಷ. ತಪ್ಪಿದವರು ಎಲ್ಲರಿಗೂ ಕಾಫಿ ಕೊಡಿಸಬೇಕು, ಅದೂ ಬೈಟು ಅಲ್ಲ, ಫುಲ್.

ಬಿಟ್ಟ ಪದವನ್ನು ಹಿಡಿದು ಮುಂದುವರಿಯುವುದು ನಮಗೇನು ಹೊಸದಲ್ಲ. ಟೂರ್ ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡದವರು ಯಾರಿದ್ದಾರೆ? ಹಳೆಯ ಅಲಂಕಾರಶಾಸ್ತ್ರದವರು ಇದಕ್ಕೊಂದು ಹೆಸರೇ ಇಟ್ಟಿದ್ದಾರೆ, ಮುಕ್ತಪದಗ್ರಸ್ತ. ಒಂದು ಸಾಲು ಬಿಟ್ಟ ಪದವನ್ನು ಮುಂದಿನ ಸಾಲು ನುಂಗುವುದು. ಸಭೆಯಲ್ಲಿ ಕೇಳಿದ ಕೂಡಲೇ ಪದ್ಯ ಕಟ್ಟುವ ಅವಧಾನ ನೋಡಿದವರಿಗೆ ನಿಷೇಧಾಕ್ಷರಿ ಗೊತ್ತು. ಅವಧಾನಿ ಒಂದೊಂದು ಅಕ್ಷರ ಹೇಳುವಾಗಲೂ ಎದುರಿನವರು ‘ಮುಂದೆ ಈ ಅಕ್ಷರ ಬೇಡ’ ಅಂತ ಬಾಗಿಲು ಹಾಕುತ್ತಾ ಹೋಗುತ್ತಾರೆ. ನಮ್ಮ ಆಟ ಅದರ ತದ್ವಿರುದ್ಧ. ಇಲ್ಲಿ ಎದುರಿನವರಿಗೆ ಬಾಗಿಲು ತೆಗೆದುಕೊಡಬೇಕು.

ಜಪಾನಿನಲ್ಲಿ ಇದನ್ನು ದೊಡ್ಡ ಕಲೆಯನ್ನೇ ಮಾಡಿಕೊಂಡಿದ್ದರು. ರೆಂಗಾ ಅಂತ ಹೆಸರು. ಒಬ್ಬರು 5-7-5 ಎಣಿಕೆಯ ಮೂರು ಸಾಲು, ಇನ್ನೊಬ್ಬರು 7-7ರ ಎರಡು ಸಾಲು, ಹೀಗೆ ನೂರು ಕೊಂಡಿಗಳ ತನಕ. ಹಾಯ್ಕು ಕವಿ ಬಾಶೋನ ಕಾಲಕ್ಕೆ 36ರ ಸರ ಬಳಕೆಗೆ ಬಂದಿತ್ತು. ಅದರಲ್ಲಿ ಚಂದ್ರ ಎಲ್ಲಿ ಬರಬೇಕು, ಹೂವು ಎಲ್ಲಿ ಬರಬೇಕು ಅಂತ ಜಾಗವೂ ಗೊತ್ತು ಮಾಡಿದ್ದರು. ನಾವು ಚಂದ್ರನ ಗೋಜಿಗೆ ಹೋಗಲಿಲ್ಲ. ಎರಡನೆಯ ಕವಿತೆಯಲ್ಲಿ ತಿನ್ನುವ ಪದಾರ್ಥ ಒಂದು ಬರಲೇಬೇಕು, ಅಷ್ಟೇ. ಅವರಿಂದ ನಿಜವಾಗಿ ಕದ್ದದ್ದು ಇನ್ನೊಂದು ನಿಯಮ: ನಿನ್ನ ಕೊಂಡಿ ಹಿಂದಿನದಕ್ಕೆ ಅಂಟಬೇಕು, ಅದರ ಹಿಂದಿನದಕ್ಕೆ ಅಂಟಬಾರದು. ಇದಿಲ್ಲದಿದ್ದರೆ ಮಳೆ ಅಂತ ಶುರುವಾದದ್ದು ಐದು ಕವಿತೆಯೂ ಮಳೆಯೇ. ನೆಂದು ತೊಪ್ಪೆಯಾಗಬೇಕಷ್ಟೇ.

ಒಂದು ಬಳೆಯನ್ನು ಪೂರ್ತಿ ತೋರಿಸುತ್ತೇನೆ. ಸಾಮಾನ್ಯವಾಗಿ ಲಾಲ್‌ಬಾಗಿನಲ್ಲಿ ಕೂರುತ್ತೇವೆ. ಆ ಭಾನುವಾರ ಮಳೆ ಹಿಡಿದು, ಎಲ್ಲರೂ ನಮ್ಮ ಚಿಕ್ಕಮ್ಮನ ಮನೆಗೆ ಓಡಿದೆವು. ಸಾಫ್ಟ್‌ವೇರ್ ಕಂಪನಿಯ ಹುಡುಗನೊಬ್ಬ ಕೊನೆಗೆ ಬಂದ, ತಲೆ ಒರೆಸಿಕೊಳ್ಳುತ್ತಾ. ಅವನಿಂದಲೇ ಶುರು ಮಾಡಿಸಿದೆವು.

ಮಳೆ
ಸುಮ್ನೆ ಬಂತು
ಕೊಡೆ ಮನೆಯಲ್ಲೇ
ತಗಡಿನಡಿ ನಾನೊಂದು
ನಾಯಿ

ಓದಿ ಮುಗಿಸುವ ಮೊದಲೇ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪಾಪ, ಅವನಿಗೆ ಯಾಕೆ ಅಂತ ಗೊತ್ತಾಗಲಿಲ್ಲ. ಅವನು ಹೇಳಹೊರಟದ್ದು ‘ನಾನು, ಒಂದು ನಾಯಿ’, ಇಬ್ಬರೂ ಅಂಗಡಿಯ ತಗಡಿನ ಕೆಳಗೆ ನಿಂತಿದ್ದೆವು ಅಂತ. ಹಾಗೇ ಬಿಡಿಸಿ ಬರೆದರೆ ಒಂಬತ್ತು ಅಕ್ಷರ ಆಗುತ್ತದೆ. ಒಂದು ಉಳಿಸಲು ಸಂಧಿ ಮಾಡಿದ. ಸಂಧಿ ಅವನನ್ನೇ ನಾಯಿ ಮಾಡಿತು. ‘ಲೋಪಸಂಧಿ ಕಣಪ್ಪ, ಲೋಪ ನಿನ್ನದಲ್ಲ’ ಅಂದರು ಮೇಷ್ಟ್ರು. ತಿದ್ದುತ್ತೇನೆ ಅಂತ ಅವನು ಪೆನ್ನು ಎತ್ತಿದ, ನಾವು ಬಿಡಲಿಲ್ಲ. ಮಳೆಯಲ್ಲಿ ತಗಡಿನ ಕೆಳಗೆ ನಿಂತವನು ಸ್ವಲ್ಪ ನಾಯಿಯೂ ಹೌದು ತಾನೇ? ಅಳತೆ ಕೊಟ್ಟದ್ದನ್ನು ಇಟ್ಟುಕೊಳ್ಳಬೇಕು. ನಾನು ಹೇಳಬೇಕೆಂದು ಕೂತದ್ದು ಇದು ಅಂತ ಹಟ ಹಿಡಿಯುವವರಿಗೆ ಈ ಆಟ ಒಗ್ಗುವುದಿಲ್ಲ.

ಎರಡನೆಯದು ಕಾಲೇಜು ಹುಡುಗಿಯದು. ತಿಂಡಿಯ ನಿಯಮ ಅವಳ ಪಾಲಿಗೆ.

ನಾಯಿ
ನೋಡುತ್ತಿದೆ
ಬನ್ನಿನ ಕಡೆಗೇ
ಅರ್ಧ ಕೊಟ್ಟೆ ಉಳಿದರ್ಧ
ಸಾಲ

ಅದೇ ತಗಡು, ಅದೇ ನಾಯಿ. ಆದರೆ ಮಳೆ ಎಲ್ಲೂ ಇಲ್ಲ. ಆಮೇಲೆ ಆ ‘ಸಾಲ’ ಎಂಬ ಪದ. ಉಳಿದರ್ಧ ನಾಳೆ ಕೊಡುತ್ತೇನೆ ಅಂತ ನಾಯಿಗೆ ಮಾತು ಕೊಟ್ಟಂತಿದೆ. ಅದನ್ನು ಮೇಷ್ಟ್ರ ಕೈಗೆ ಇಟ್ಟಳು. ಮೇಷ್ಟ್ರು ಎರಡೇ ನಿಮಿಷದಲ್ಲಿ ಬರೆದರು.

ಸಾಲ
ಕೇಳೋದಿಲ್ಲ
ಎಂದಿದ್ದ ಗೆಳೆಯ
ಮತ್ತೆ ಬಂದ ತಂದಿದ್ದಾನೆ
ಹಣ್ಣು

ಆ ಗೆಳೆಯ ಯಾರು ಅಂತ ಎಲ್ಲರೂ ಒಬ್ಬರನ್ನೊಬ್ಬರು ನೋಡಿದೆವು. ನಾನು ನೆಲ ನೋಡಿದೆ. ಹಣ್ಣು ತಂದವನು ಏನೂ ಕೇಳಿಲ್ಲ ಇನ್ನೂ. ಆದರೆ ಹಣ್ಣು ನೋಡಿದ ಕೂಡಲೇ ಮನೆಯವರಿಗೆಲ್ಲ ತಿಳಿಯುತ್ತದೆ. ಎಂಟರಿಂದ ಎರಡಕ್ಕೆ ಧೊಪ್ಪನೆ ಬೀಳುವುದು ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನ್ನ ಹತ್ತಿರ ಇಲ್ಲ. ಇದೇ ಪದವನ್ನು ‘ಹಣ್ಣು ತಂದಿದ್ದಾನೆ’ ಅಂತ ನಾಲ್ಕನೇ ಸಾಲಿಗೆ ಹಾಕಿ ನೋಡಿ, ಸಪ್ಪೆ.

ಆಮೇಲೆ ಚಿಕ್ಕಮ್ಮ. ಅವರಿಗೆ ಎಪ್ಪತ್ತು ದಾಟಿದೆ. ಬೆರಳು ಮಡಿಸಿ ಮಡಿಸಿ, ತುಟಿ ಆಡಿಸಿ, ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಬರೆದರು.

ಹಣ್ಣು
ತಿನ್ನೋರಿಲ್ಲ
ಮಕ್ಕಳು ದೂರದ
ಊರಲ್ಲಿ ಬುಟ್ಟಿಯ ತುಂಬ
ನೊಣ

ಈ ಸಲ ಯಾರೂ ನಗಲಿಲ್ಲ. ‘ಮಕ್ಕಳು ದೂರದ’ ಅಂತ ಸಾಲು ಮುರಿದದ್ದು ಅಕ್ಷರ ಸಾಲದೆ ಇರಬಹುದು. ಆದರೆ ಓದುವಾಗ ಆ ‘ದೂರದ’ ಆದಮೇಲೆ ಚಿಕ್ಕಮ್ಮ ಉಸಿರು ತೆಗೆದುಕೊಂಡರು. ಆಮೇಲೆ ಅವರೇ, ‘ಅಯ್ಯೋ ಯಾಕೆ ಹಾಗೆ ಕೂತಿದ್ದೀರೋ, ನಿಜವಾಗ್ಲೂ ಬಾಳೆಹಣ್ಣು ಕಪ್ಪಾಗ್ತಿದೆ, ಹೋಗ್ತಾ ಒಂದೊಂದು ಚಿಪ್ಪು ತಗೊಂಡು ಹೋಗಿ’ ಅಂದರು.

ಕೊನೆಯ ಸರದಿ ನನ್ನದು. ಕೈಯಲ್ಲಿ ನೊಣ, ತಲುಪಬೇಕಾದ್ದು ಮಳೆ. ನಡುವೆ ಇರುವುದು 18 ಅಕ್ಷರದ ದಾರಿ. ಹಣ್ಣಿನ ಕಡೆ ತಿರುಗಿ ನೋಡುವಂತಿಲ್ಲ, ನಿಯಮ. ಫೋನಿನ ಅಲಾರಂ ಬೇರೆ ಮುಂದೆ ಇಟ್ಟಿದ್ದರು.

ನೊಣ
ಹೊಡೆಯೋಕೆ
ಪೇಪರ್ ಮಡಿಸಿದೆ
ಕಣ್ಣಿಗೆ ಬಿತ್ತು ನಾಳೆಯೂ
ಮಳೆ

ಕವಿತೆ ಅಂತ ನೋಡಿದರೆ ಐದರಲ್ಲಿ ಇದೇ ಬಡಕಲು, ನನಗೇ ಗೊತ್ತು. ಆದರೆ ಬಳೆ ಕೂಡಿತು, ಕಾಫಿ ದುಡ್ಡು ಉಳಿಯಿತು.

ಈಗ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಗುಂಪಿಗೆ ಸೇರಿದ ಮೊದಲ ವಾರ ಮರ್ಯಾದೆ ಹೋಗಬಾರದು ಅಂತ ಮನೆಯಲ್ಲೇ ಒಂದು ಬರೆದುಕೊಂಡು ಹೋಗಿದ್ದೆ. ಹೂವು, ಅರಳಿತು, ಮುಂಜಾನೆ ಮಂಜಲಿ, ಸಂಜೆಗೆ ಬಾಡಿ ಉಳಿಸಿ, ಮೌನ. ಎಣಿಸಿ, ಲೆಕ್ಕ ಸರಿ ಇದೆ. ನನ್ನ ಸರದಿ ಬಂದಾಗ ಪಕ್ಕದವರು ಕೊಟ್ಟ ಪದ ‘ಚಕ್ಲಿ’. ಏನು ಮಾಡುವುದು? ಹೂವು ತೆಗೆದು ಚಕ್ಲಿ ಇಟ್ಟು ಓದಿಬಿಟ್ಟೆ. ಚಕ್ಲಿ ಅರಳಿತು ಮುಂಜಾನೆ ಮಂಜಲಿ. ಸಂಜೆಗೆ ಬಾಡಿತು. ಆ ಚಕ್ಲಿಯನ್ನು ಇವತ್ತಿಗೂ ನನಗೆ ತಿನ್ನಿಸುತ್ತಿದ್ದಾರೆ.

ಅದಕ್ಕಿಂತ ದೊಡ್ಡ ತಪ್ಪು ಕೊನೆಯ ಪದದಲ್ಲಿತ್ತು. ನನ್ನ ಪಕ್ಕ ಕೂತಿದ್ದವರು ಚಿಕ್ಕಮ್ಮ. ಕನ್ನಡಕದ ಮೇಲಿಂದ ನೋಡಿ, ‘ನೀನು ಮೌನ ಕೊಟ್ಟರೆ ನಾನು ಏನಂತ ಮಾತಾಡ್ಲಿ?’ ಅಂದರು. ಎಷ್ಟು ಸರಿ ನೋಡಿ. ಕವಿತೆ ಬರೆಯುವವರಿಗೆಲ್ಲ ಕೊನೆಯ ಸಾಲು ಗಂಭೀರವಾಗಿರಲಿ ಅಂತ ಒಂದು ಆಸೆ. ಮೌನ, ಶೂನ್ಯ, ನೋವು, ಸಾವು ಎಲ್ಲ ಎರಡೆರಡೇ ಅಕ್ಷರ, ಕೈಗೆ ಸಿಗುವ ಹಾಗೆ ಕೂತಿರುತ್ತವೆ. ಇಟ್ಟರೆ ನಮ್ಮ ಕವಿತೆಗೆ ಬೀಗ ಹಾಕಿದ ಹಾಗೆ ಚೆಂದ. ಆದರೆ ಪಕ್ಕದವರು ಬೀಗ ಹಾಕಿದ ಬಾಗಿಲಲ್ಲಿ ನಿಲ್ಲುತ್ತಾರೆ. ಈ ಆಟದಲ್ಲಿ ಮೊದಲ ನಾಲ್ಕು ಸಾಲು ನಮ್ಮದು, ಕೊನೆಯ ಎರಡಕ್ಷರ ನಮ್ಮದಲ್ಲ. ಅದನ್ನು ಬರೆಯುವಾಗ ಪಕ್ಕದವರ ಮುಖ ನೋಡಬೇಕು. ಹುಡುಗಿ ಸಾಲ ಅಂತ ಮೇಷ್ಟ್ರಿಗೆ ಕೊಟ್ಟಳಲ್ಲ, ಅವರಲ್ಲಿ ಆ ವಿಷಯದ ಸರಕು ಬೇಕಾದಷ್ಟಿದೆ ಅಂತ ಅವಳಿಗೆ ಗೊತ್ತಿತ್ತು. ಅದು ಉಡುಗೊರೆ. ಆ ದಿನದಿಂದ ನಮ್ಮಲ್ಲಿ ಮೌನಕ್ಕೆ ನಿಷೇಧ, ಬಾಯಲ್ಲೂ ಹಾಳೆಯಲ್ಲೂ.

ಕೊಡುವುದಕ್ಕೆ ಒಳ್ಳೆಯ ಪದಗಳು ಎರಡು ಬಾಗಿಲಿನವು. ಕನ್ನಡದಲ್ಲಿ ಇದಕ್ಕೆ ಬರ ಇಲ್ಲ. ‘ಕೆರೆ’ ಅಂದರೆ ನೀರೂ ಹೌದು, ಬೆನ್ನಿನ ತುರಿಕೆಯೂ ಹೌದು. ‘ಕಾಡು’ ಮರಗಳದ್ದೋ, ಕನಸಲ್ಲಿ ಬಂದು ಕಾಡುವುದೋ? ‘ಕಾಲು’ ನಡೆಯುವುದೋ, ಕಾಲು ಕೆಜಿಯೋ? ‘ಏಳು’ ಅಂತ ಕೊಟ್ಟರೆ ಗಂಟೆಯೂ ಆಯಿತು, ಬೆಳಗ್ಗೆ ಅಮ್ಮ ಎಬ್ಬಿಸಿದ್ದೂ ಆಯಿತು. ‘ಹತ್ತು’ ನನಗೆ ನೋಟು, ಬೇರೆಯವರಿಗೆ ಬಸ್ಸಿನ ಮೆಟ್ಟಿಲು. ಹಿಂದಿನವರು ಒಂದು ಬಾಗಿಲಿಂದ ಒಳಗೆ ಬಂದಿರುತ್ತಾರೆ, ಮುಂದಿನವರು ಇನ್ನೊಂದರಿಂದ ಆಚೆ ಹೋಗುತ್ತಾರೆ. ಕೊಂಡಿಯೂ ಕೂಡುತ್ತದೆ, ದಾರಿಯೂ ಬೇರೆಯಾಗುತ್ತದೆ.

ಆ ಮಳೆಯ ಭಾನುವಾರಕ್ಕೆ ಇನ್ನೊಂದು ಬಾಲ ಇದೆ. ಸಿಂಕೇನ್ ಕಟ್ಟುವವರಲ್ಲಿ ಮಾಲೆ ಅಂತ ಒಂದು ಬಗೆ ಇದೆ. ಐದು ಕವಿತೆ ಆದಮೇಲೆ ಆರನೆಯದನ್ನು ಯಾರೂ ಬರೆಯುವುದಿಲ್ಲ. ಮೊದಲನೆಯದರಿಂದ ಮೊದಲ ಸಾಲು, ಎರಡನೆಯದರಿಂದ ಎರಡನೆಯದು, ಹೀಗೆ ಹೆಕ್ಕಿ ಜೋಡಿಸುವುದು. ಸಾಮಾನ್ಯವಾಗಿ ಹೊರಬರುವುದು ಚಿತ್ರಾನ್ನ. ಸಾಫ್ಟ್‌ವೇರ್ ಹುಡುಗ, ಸುಮ್ನೆ ನೋಡೋಣ ಅಂತ, ಕರೆಂಟ್ ಬಿಲ್ಲಿನ ಹಿಂದೆಯೇ ಒಂದೊಂದಾಗಿ ಇಳಿಸಿದ.

ಮಳೆ
ನೋಡುತ್ತಿದೆ
ಎಂದಿದ್ದ ಗೆಳೆಯ
ಊರಲ್ಲಿ ಬುಟ್ಟಿಯ ತುಂಬ
ಮಳೆ

ಮಳೆ ನೋಡುತ್ತಿದೆ ಎಂದಿದ್ದ ಗೆಳೆಯ. ಊರಲ್ಲಿ ಬುಟ್ಟಿಯ ತುಂಬ ಮಳೆ. ನಾಯಿ ನೋಡುತ್ತಿದ್ದದ್ದು ಬನ್ನನ್ನು, ಗೆಳೆಯ ಹೇಳಿದ್ದು ಸಾಲದ ಮಾತು, ಬುಟ್ಟಿಯಲ್ಲಿ ಇದ್ದದ್ದು ನೊಣ. ನಮ್ಮ ಬಡಕಲು ‘ಮಳೆ’ ಕೂಡ ಅಲ್ಲಿ ಹೋಗಿ ಕೂತು ಬೇರೆಯೇ ಆಗಿಬಿಟ್ಟಿತ್ತು. ಇದು ಯಾರು ಬರೆದದ್ದು ಅಂತ ಹುಡುಗಿ ಕೇಳಿದಳು, ಕೆಳಗೆ ಹೆಸರು ಹಾಕಬೇಕಿತ್ತು. ಮೇಷ್ಟ್ರು ಅಂದರು, ಬೆಸ್ಕಾಂ ಅಂತ ಹಾಕು, ಕಾಗದ ಅವರದ್ದು ತಾನೇ.

ಮಾತು ಸಾಕು. ಪೆನ್ನು ಇದ್ದವರು ತೆಗೆಯಿರಿ, ಇಲ್ಲದವರು ಫೋನು ತೆಗೆಯಿರಿ. ಮುಂದಿನ ಸಾಲಿನಲ್ಲಿ ಹಸಿರು ಸೀರೆಯ ಅಮ್ಮ, ನಿಮ್ಮಿಂದಲೇ ಶುರು. ನಿಮಗೆ ಪದ: ಕೊಡೆ. ಛತ್ರಿ ಅಂತ ಹಿಡಿದರೂ ಸರಿ, ಕೊಡುವುದಿಲ್ಲ ಹೋಗು ಅಂತ ಹಿಡಿದರೂ ಸರಿ. ಮೂರು ನಿಮಿಷ. ಬರೆಯುವ ಮೊದಲು ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ಒಮ್ಮೆ ನೋಡಿಕೊಳ್ಳಿ.